ಎಂಜಿನ್ ಮನೆಯವನು ಮಾಡಿದ ಬಾಣಂತನ

ಮಗಳ ಸೀಮಂತದ ದಿನ ಊಟದ ಎಲೆ ಎತ್ತಿದ ಮೇಲೆ ಬೀಗಿತ್ತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನನ್ನ ಎದುರಿನ ಚಾಪೆಯ ಮೇಲೆ ಕೂತರು. ಮಾಲೂರಿನ ಹತ್ತಿರದ ಹಳ್ಳಿ ಅವರದು. ಮನೆ ತುಂಬ ಜನ, ಕೊಟ್ಟಿಗೆ ತುಂಬ ಹಸು. ನಾನು ಒಬ್ಬನೇ ಹೋಗಿದ್ದೆ. ತವರಿನಿಂದ ಹೋಗಬೇಕಾದ ಮಡಿಲಕ್ಕಿ, ಬಳೆ, ಹೂವು, ಸೀರೆ ಎಲ್ಲವನ್ನೂ ಒಬ್ಬ ಗಂಡಸು ಎರಡು ಕೈಚೀಲದಲ್ಲಿ ಹೊತ್ತು ತಂದದ್ದನ್ನು ಕಂಡು ಅಲ್ಲಿನ ಹೆಂಗಸರು ಮುಖ ಮುಖ ನೋಡಿಕೊಂಡಿದ್ದರು.

“ಅಣ್ಣಾ, ಒಂದು ಮಾತೈತೆ,” ಅಂದರು ಬೀಗಿತ್ತಿ. “ಮೊದಲ್ನೇ ಬಾಣಂತನ ತವರುಮನೇಲೇ ಆಗ್ಬೇಕು, ನಂಗೂ ಗೊತ್ತು. ಆದ್ರೆ ನಿಮ್ಮನೇಲಿ ಎಂಗಸ್ರು ಇಲ್ಲ. ನೀವು ಬೇಜಾರು ಮಾಡ್ಕೋಬೇಡಿ. ಇಲ್ಲೇ ಇರ್ಲಿ ಬುಡಿ.”

“ನಾನಿದೀನಲ್ಲಮ್ಮ. ನಾನು ಮಾಡ್ತೀನಿ,” ಅಂದೆ.

“ಏನ್ ಮಾಡ್ತೀರಾ?”

“ಬಾಣಂತನ.”

ಕಂಬಕ್ಕೆ ಒರಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಒಬ್ಬ ಮುದುಕಿ ಬಾಯಿಗೆ ಕೈ ಅಡ್ಡ ಹಿಡಿದಳು. “ಕೇಳುದ್ರೇನ್ರಮ್ಮೋ! ಮೀಸೆ ಬೆಳ್ಳಗಾದೋನು ಬಾಣಂತನ ಮಾಡ್ತಾನಂತೆ. ಮಗೀಗೆ ಆಲೂ ಇವ್ನೇ ಕುಡುಸ್ತಾನಾ ಕೇಳ್ರೇ!” ನಡುಮನೆಯಲ್ಲೆಲ್ಲ ನಗು. ನಾನೂ ನಕ್ಕೆ. ಬೇರೆ ಏನು ಮಾಡಲಿ?

ಹಸೆಮಣೆಯ ಮೇಲಿದ್ದ ಮಗಳು ಮಾತ್ರ ನಗಲಿಲ್ಲ. ಕೈ ತುಂಬ ಹಸಿರು ಬಳೆ, ತಲೆ ತುಂಬ ಹೂವು. ಬಳೆಗಳನ್ನು ಒಂದೊಂದಾಗಿ ತಿರುಗಿಸುತ್ತಿದ್ದವಳು ತಲೆ ಎತ್ತಿ, “ಅತ್ತೆ, ನಾನು ಅಪ್ಪನ ಮನೆಗೇ ಓಯ್ತೀನಿ,” ಅಂದಳು.

ಬೀಗಿತ್ತಿ ಒಳ್ಳೆಯ ಹೆಂಗಸು. ಸೊಸೆಯ ಕಡೆ ನೋಡಿ ಹೇಳಿದರು: “ಆಯ್ತು. ಒಂಬತ್ತರಾಗೆ ನಾನೇ ಬಂದು ಮನೆ ನೋಡ್ತೀನಿ. ಇವ್ಳಿಗೆ ಅನುಕೂಲ ಆಗಂಗಿದ್ರೆ ಬುಟ್ಟು ಬತ್ತೀನಿ, ಮಗೂಗೆ ಐದು ತುಂಬ್ದಾಗ ಕರ್ಕೊಂಡು ಬರಾನ. ಆದ್ರೆ ಮಧ್ಯದಾಗೆ ಇವ್ಳು ಒಂದು ಮಾತು ಕಷ್ಟ ಅಂದ್ರೆ ಸಾಕು, ಆವತ್ತೇ ಗಾಡಿ ತತ್ತೀನಿ. ನೀವು ಬೇಡ ಅನ್ನಂಗಿಲ್ಲ.”

ಒಪ್ಪಿದೆ. ಮಾರಿಕುಪ್ಪದ ರೈಲಿನಲ್ಲಿ ವಾಪಸು ಬರುವಾಗ ಖಾಲಿ ಚೀಲಗಳನ್ನು ಮಡಿಸಿ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಬಂಗಾರಪೇಟೆಯಲ್ಲಿ ಮುಕ್ಕಾಲು ಜನ ಇಳಿದುಹೋದರು. ಅಲ್ಲಿಂದ ನಮ್ಮ ಊರಿಗಾಂ ನಿಲ್ದಾಣದವರೆಗೆ ಡಬ್ಬಿಯಲ್ಲಿ ಒಬ್ಬನೇ ಕೂತು ಒಂದೇ ವಿಷಯ ಯೋಚಿಸಿದೆ. ಮಗುವಿಗೆ ಐದು ತಿಂಗಳು ತುಂಬುವವರೆಗೆ ಮಗಳು ನನ್ನ ಮನೆಯಲ್ಲಿರುತ್ತಾಳೆ. ಅವಳು ಹೋಗಬೇಕು ಅನ್ನದ ಹಾಗೆ ನಾನು ನೋಡಿಕೊಳ್ಳಬೇಕು.

ನಾನು ಯಾರು ಅಂತ ಹೇಳಿಬಿಡುತ್ತೇನೆ. ನಮ್ಮದು ಮೂಲದಲ್ಲಿ ಬಂಗಾರಪೇಟೆ ಕಡೆಯ ರೈತರ ಮನೆ. ನಾನು ಮಾತ್ರ ಹೊಲ ಬಿಟ್ಟು ಚಿನ್ನದ ಗಣಿಗೆ ಸೇರಿದೆ. ಗಣಿ ಮುಚ್ಚುವವರೆಗೂ ನಂದಿದುರ್ಗ ಗಣಿಯ ಶಾಫ್ಟಿನಲ್ಲಿ ವೈಂಡಿಂಗ್ ಎಂಜಿನ್ ಡ್ರೈವರ್. ಕಬ್ಬಿಣದ ಹಗ್ಗಕ್ಕೆ ಕಟ್ಟಿದ ಕೇಜಿನಲ್ಲಿ ನೆಲದೊಳಗೆ ಜನರನ್ನು ಇಳಿಸಿ ಹತ್ತಿಸುವ ಯಂತ್ರ ಅದು. ನೆಲದೊಳಗೆ ಇಳಿಯುವ ಬಾವಿ, ಅದೇ ಶಾಫ್ಟು, ಒಂದು ಕಡೆ, ಎಂಜಿನ್ ಮನೆ ಇನ್ನೊಂದು ಕಡೆ. ಜನರ ಮುಖ ನನಗೆ ಕಾಣುತ್ತಿರಲಿಲ್ಲ. ಕೆಳಗಿನಿಂದ ಗಂಟೆ ಹೊಡೆಯುತ್ತಾರೆ. ಎಷ್ಟು ಸಲ ಹೊಡೆದರು ಅನ್ನುವುದರ ಮೇಲೆ ಇಳಿಸಬೇಕೋ, ಏರಿಸಬೇಕೋ, ನಿಲ್ಲಿಸಬೇಕೋ ಎಂದು ತಿಳಿದು ಲೀವರು ಎಳೆಯಬೇಕು. ಕಣ್ಣು ಹಗ್ಗದ ಮೇಲೆ, ಕಿವಿ ಗಂಟೆಯ ಮೇಲೆ. ಬಾಗಿಲಲ್ಲಿ ಬೋರ್ಡು ಇತ್ತು: ಕೆಲಸದಲ್ಲಿರುವ ಡ್ರೈವರನ ಜೊತೆ ಯಾರೂ ಮಾತಾಡಬಾರದು. ದೊಡ್ಡ ಸಾಹೇಬರು ಬಂದರೂ ಬಾಯಿ ಮುಚ್ಚಿಕೊಂಡೇ ನಿಲ್ಲುತ್ತಿದ್ದರು. ನನ್ನ ಹೆಂಡತಿ ಊಟದ ಕ್ಯಾರಿಯರ್ ತಂದರೆ ಬಾಗಿಲ ಪಕ್ಕದ ಕಲ್ಲಿನ ಮೇಲೆ ಇಟ್ಟು, ಮಾತಾಡದೆ ಹೊರಟುಹೋಗುತ್ತಿದ್ದಳು.

ಹಾಗೆ ಬದುಕಿದವನಿಗೆ ದಿನವೆಂದರೆ ಒಂದು ಕ್ರಮ. ಗಣಿಯ ಸೈರನ್ ನಿಂತು ಎಷ್ಟೋ ವರ್ಷವಾಯಿತು, ನಾನು ಇವತ್ತಿಗೂ ಅದೇ ಹೊತ್ತಿಗೆ ಏಳುತ್ತೇನೆ. ಹೆಂಡತಿ ತೀರಿಹೋದ ಮೇಲೆ ಈ ಕ್ರಮವೇ ನನ್ನನ್ನು ಹಿಡಿದು ನಿಲ್ಲಿಸಿತು. ಅಡಿಗೆ, ಒಗೆತ, ಗುಡಿಸುವುದು, ಎಲ್ಲಕ್ಕೂ ಹೊತ್ತು ಉಂಟು. ಮಾತಿಗೆ ಮಾತ್ರ ಹೊತ್ತು ಇಟ್ಟಿರಲಿಲ್ಲ. ಯಾರ ಜೊತೆ ಅಂತ ಇಡಲಿ?

ಸೀಮಂತದ ಮಾರನೆಯ ದಿನವೇ ಹೆಂಡತಿಯ ಟ್ರಂಕು ತೆಗೆದೆ. ಮಗಳು ಇನ್ನೂ ಸ್ಕೂಲಿಗೆ ಹೋಗುತ್ತಿದ್ದಾಗಿನಿಂದಲೂ ಹೆಂಡತಿಯದೊಂದು ಅಭ್ಯಾಸ ಇತ್ತು. ಉಟ್ಟು ಉಟ್ಟು ಮೆತ್ತಗಾದ ನೂಲಿನ ಸೀರೆ ಇದ್ದರೆ ಒಗೆದು ಮಡಿಸಿ ಟ್ರಂಕಿಗೆ ಹಾಕುವಳು. “ಪಾತ್ರೆಯೋನಿಗೆ ಆಕೋದಲ್ವಾ?” ಅಂತ ನಾನು ಕೇಳಿದರೆ, “ನಿಂಗೇನು ಗೊತ್ತು, ಇದು ಬಾಣಂತನಕ್ಕೆ,” ಅನ್ನುವಳು. ಟ್ರಂಕಿನ ತುಂಬ ಅವೇ ಸೀರೆಗಳು, ನಡುನಡುವೆ ಬೇವಿನ ಎಲೆ ಒಣಗಿ ಪುಡಿಯಾಗಿತ್ತು. ಒಂದೊಂದನ್ನೂ ಬಿಸಿನೀರಲ್ಲಿ ಅದ್ದಿ ಒಗೆದು ಬಿಸಿಲಿಗೆ ಹಾಕಿದೆ. ತಂತಿಯ ಉದ್ದಕ್ಕೂ ಅವಳ ಸೀರೆಗಳೇ ಹಾರಾಡುತ್ತಿದ್ದವು. ನೋಡುತ್ತ ನಿಲ್ಲಲಿಲ್ಲ, ಒಳಗೆ ಕೆಲಸ ಇತ್ತು.

ಎದುರುಮನೆಯ ಹೆಂಗಸು ಅದನ್ನು ನೋಡಿ ಬಂದಳು. ನಮ್ಮ ಗಣಿ ಸಾಲುಮನೆಗಳ ಲೈನಿನಲ್ಲಿ ಹಳಬಳು, ತಮಿಳಿನವಳು, ನನ್ನ ಹೆಂಡತಿಗೆ ಬೇಕಾದವಳು. ಮೂರು ಸೊಸೆಯರ ಬಾಣಂತನ ಮಾಡಿದ ಕೈ. “ಎನ್ನಣ್ಣಾ ಇದು? ಅಂಗಡಿ ಇಟ್ಟಿದೀಯಾ?” ಅಂದಳು. ವಿಷಯ ಹೇಳಿದೆ. ನಗಲಿಲ್ಲ. “ಸರಿ. ತಾಯಿಗೂ ಮಗೂಗೂ ನೀರು ಉಯ್ಯೋದು ನಂದು. ಅದು ಗಂಡಸ್ರ ಕೆಲ್ಸ ಅಲ್ಲ. ಮಿಕ್ಕಿದ್ದು ನೀ ಮಾಡು, ನೋಡಾಣ,” ಅಂದಳು.

ಮಿಕ್ಕಿದ್ದು ಬಹಳ ಇತ್ತು. ಹುಟ್ಟುವ ಮೊದಲು ಮಗುವಿಗೆ ಏನೂ ಕೊಳ್ಳಬಾರದು ಅನ್ನುವುದು ನಮ್ಮಲ್ಲಿ ಪದ್ಧತಿ, ಅದನ್ನು ಮುರಿಯಲಿಲ್ಲ. ತಾಯಿಗೆ ಬೇಕಾದುದನ್ನು ತರಲು ಅಡ್ಡಿಯಿಲ್ಲವಲ್ಲ. ಮೊದಲು ಮಂಚ. ನಮ್ಮ ಹಳೇ ಮಂಚ ತೀರ ಎತ್ತರ. ಹೊಟ್ಟೆ ಹೊತ್ತವಳು, ಹೊಲಿಗೆ ಬಿದ್ದವಳು ಹತ್ತಿ ಇಳಿಯಲು ಆಗುವುದಿಲ್ಲ. ಅವಳು ಕೂತಾಗ ಪಾದ ಪೂರ್ತಿ ನೆಲಕ್ಕೆ ಊರಬೇಕು. ಕಾಲುಗಳನ್ನು ಗರಗಸದಿಂದ ಕೊಯ್ದು ತಗ್ಗಿಸಿದೆ. ಹಾಲು ಕುಡಿಸುವಾಗ ಕಾಲಿಡಲು ಒಂದು ಮಣೆ ಮಾಡಿದೆ. ಕಕ್ಕಸು ಮನೆಯ ಹಿಂದೆ, ಕುಕ್ಕರುಗಾಲಿನದು. ಅದರ ಮೇಲೆ ಇಡುವ ನಡುವೆ ತೂತಿರುವ ಕುರ್ಚಿ ಬಂಗಾರಪೇಟೆಯಲ್ಲಿ ಸಿಕ್ಕಿತು. ದಾರಿಯುದ್ದಕ್ಕೂ ಗೋಡೆಗೆ ಹಿಡಿಕೆಯಾಗಿ ಒಂದು ಕಬ್ಬಿಣದ ಪೈಪು ಕೂರಿಸಿದೆ. ಬಚ್ಚಲಿಗೆ ಬೆನ್ನು ಇರುವ ಸ್ಟೂಲು. ಹೊಲಿಗೆಯ ಜಾಗ ಬೆಚ್ಚಗಿನ ನೀರಿನಿಂದ ತೊಳೆದುಕೊಳ್ಳಲು ಉದ್ದ ಮೂತಿಯ ಚೊಂಬು ಬೇಕು ಅಂತ ಎದುರುಮನೆಯಾಕೆ ಗೋಡೆಯ ಕಡೆಗೆ ಮುಖ ಮಾಡಿ ಹೇಳಿದಳು. ನಾನು ನೆಲ ನೋಡುತ್ತ ಕೇಳಿಸಿಕೊಂಡೆ. ಬಿಸಿನೀರಿನ ರಬ್ಬರ್ ಚೀಲ, ಫ್ಲಾಸ್ಕು, ಕಿವಿ ಮುಚ್ಚುವ ಸ್ಕಾರ್ಫು, ಉಣ್ಣೆಯ ಕಾಲುಚೀಲ. ಮುಂದುಗಡೆ ಜಿಪ್ಪಿರುವ ನೈಟಿ ಬೇಕು ಅಂತ ಬಂಗಾರಪೇಟೆಯ ಬಜಾರಿನಲ್ಲಿ ಕೇಳಿದಾಗ ಅಂಗಡಿಯ ತೆಲುಗಿನ ಹೆಂಗಸು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

“ಎವರಿಕಿ ಸಾಮಿ? ಯಾರ್ಗೆ?”

“ಮಗಳಿಗೆ. ಬಾಣಂತನಕ್ಕೆ.”

“ಮನೇಲಿ ಆಡೋಳ್ಳು, ಎಂಗಸ್ರು ಯಾರೂ ಇಲ್ವಾ?”

“ಇಲ್ಲ.”

ಮತ್ತೆ ಏನೂ ಕೇಳದೆ ಒಳಗಿನಿಂದ ಮೆತ್ತನೆಯ ಬಟ್ಟೆಯದನ್ನೇ ಆರಿಸಿ ತಂದಳು.

ದಿಂಬುಗಳನ್ನು ನಾನೇ ಹೊಲಿದೆ. ಬೂರುಗದ ಹತ್ತಿ ತರಿಸಿ, ಹೆಂಡತಿಯ ಸೀರೆಗಳದೇ ಗವಸು ಹಾಕಿ, ಒಂದು ಉದ್ದನೆಯದು ಮಗ್ಗುಲಿಗೆ, ಒಂದು ಮೊಣಕಾಲ ನಡುವೆ, ಒಂದು ಹಾಲು ಕುಡಿಸುವಾಗ ಕೈಗೆ, ಎರಡು ಬೆನ್ನಿಗೆ. ಉಳಿದ ಸೀರೆಗಳನ್ನು ಸೊಂಟಕ್ಕೆ ಬಿಗಿಯಲು ಉದ್ದಕ್ಕೆ ಹರಿದು ಸುರುಳಿ ಸುತ್ತಿಟ್ಟೆ. ಕೊನೆಗೆ ಗಂಟೆ. ಮಗಳ ಕೋಣೆಯ ಕಿಟಕಿಯಿಂದ ಅಡಿಗೆಮನೆಗೆ ಒಂದು ಹುರಿ ಎಳೆದು ಅದರ ತುದಿಗೆ ಹಿತ್ತಾಳೆಯ ಸಣ್ಣ ಗಂಟೆ ಕಟ್ಟಿದೆ. ಒಂದು ಸಲ ಎಳೆದರೆ ನೀರು, ಎರಡು ಸಲ ಎಳೆದರೆ ಊಟ, ಮೂರು ಸಲ ಎಳೆದರೆ ಎದುರುಮನೆಯವರನ್ನು ಕರೆಯಬೇಕು.

ಒಂಬತ್ತು ತುಂಬುವ ಮೊದಲು ಬೀಗಿತ್ತಿ ಮಗಳನ್ನು ಕರೆದುಕೊಂಡು ಬಂದರು. ಚಪ್ಪಲಿ ಬಿಟ್ಟವರು ನೀರೂ ಕುಡಿಯದೆ ಮನೆ ನೋಡಲು ಹೊರಟರು. ಮಂಚದ ಮೇಲೆ ಕೂತು ಎದ್ದರು. ಪೈಪನ್ನು ಅಲ್ಲಾಡಿಸಿ ನೋಡಿದರು. ಕಕ್ಕಸಿನ ಕುರ್ಚಿಯ ಮೇಲೆ ಸೀರೆ ಸಮೇತ ಕೂತು ಒಳಗಿನಿಂದಲೇ ಕೂಗಿದರು: “ಅಣ್ಣಾ, ಇದು ನಂಗೊಂದು ಬೇಕಾಗಿತ್ತಲ್ಲಾ! ನನ್ನ ಮಂಡಿ ನೋವಿಗೆ!” ಗಂಟೆ ನೋಡಿದಾಗ ಮಾತ್ರ ಹುಬ್ಬು ಏರಿಸಿದರು. “ಇದೇನಣ್ಣಾ? ಬಾಣಂತಿ ಕೋಣೆನಾ, ದೇವಸ್ಥಾನನಾ?”

“ಕರೆಯೋಕೆ,” ಅಂದೆ.

“ಕರೆಯೋಕೆ ಬಾಯಿಲ್ವಾ ಅವ್ಳಿಗೆ?”

ಗಂಟಲು ಎತ್ತಿ ಕೂಗಿದರೆ ಹೊಲಿಗೆ ಎಳೆಯುತ್ತದೆ ಎಂದು ಕಾರಣ ಕೊಟ್ಟೆ. ಒಪ್ಪಿಕೊಂಡರು. ಮಗಳನ್ನು ಬಿಟ್ಟು ಹೋದರು.

ಹೆರಿಗೆ ಆಸ್ಪತ್ರೆಯಲ್ಲಿ ಸುಸೂತ್ರವಾಗಿ ಆಯಿತು. ಹೆಣ್ಣುಮಗು. ಮನೆಗೆ ಬಂದಾಗ ಎದುರುಮನೆಯಾಕೆ ಆರತಿ ಎತ್ತಿ, ಇಬ್ಬರನ್ನೂ ಕೋಣೆಗೆ ಸೇರಿಸಿ, ಬಾಗಿಲಿಗೆ ಪರದೆ ಇಳಿಬಿಟ್ಟಳು. ಆ ಪರದೆಯ ಆಚೆ ನಾನು ಕಾಲಿಡಲಿಲ್ಲ. ಬಾಣಂತಿಯ ಕೋಣೆ, ಅವಳು ಮಗುವಿಗೆ ಹಾಲು ಕುಡಿಸುತ್ತಿರುತ್ತಾಳೆ. ಅಪ್ಪನಾದರೂ ಗಂಡಸು ಗಂಡಸೇ. ಬಾಗಿಲ ಪಕ್ಕದಲ್ಲಿ ಒಂದು ಸ್ಟೂಲು ಹಾಕಿದ್ದೆ. ಗಂಟೆ ಹೊಡೆದರೆ ಬೇಕಾದುದನ್ನು ಅದರ ಮೇಲೆ ಇಟ್ಟು ಬರುವುದು.

ಆ ದಿನಗಳು ನನಗೆ ಹೊಸ ಹುರುಪು ಕೊಟ್ಟವು. ಬೆಳಗಾಗುವ ಮೊದಲೇ ಹಂಡೆಗೆ ಉರಿ. ಎದುರುಮನೆಯಾಕೆ ಬಂದು ತಾಯಿಗೂ ಮಗುವಿಗೂ ಎಣ್ಣೆ ತಿಕ್ಕಿ ನೀರು ಹುಯ್ದು ಸಾಂಬ್ರಾಣಿ ಹೊಗೆ ಹಾಕಿ ಹೋಗುವಷ್ಟರಲ್ಲಿ ಮೆಣಸಿನ ಸಾರು, ಬಿಸಿ ಅನ್ನ, ತುಪ್ಪ ಸಿದ್ಧ. ಸಬ್ಬಸಿಗೆ ಸೊಪ್ಪು, ಹುರಿದ ಬೆಳ್ಳುಳ್ಳಿ. ಆಮೇಲೆ ಮಗುವಿನ ಬಟ್ಟೆ ಒಗೆಯುವುದು. ಬೀದಿ ನಲ್ಲಿಯ ಹತ್ತಿರ ನಾನು ಪುಟ್ಟ ಪುಟ್ಟ ಬಟ್ಟೆ ಹಿಂಡುವುದನ್ನು ಕಂಡು, ಹಿಂದೆ ನನ್ನ ಕೇಜಿನಲ್ಲಿ ಇಳಿದು ಹತ್ತಿದ ಒಬ್ಬ ಮುದುಕ, “ಏನಪ್ಪಾ ಡ್ರೈವರ್, ಯಾವ ಶಿಫ್ಟು?” ಅಂತ ಕೂಗುತ್ತಿದ್ದ. “ಮೂರೂ ಶಿಫ್ಟು!” ಅನ್ನುತ್ತಿದ್ದೆ. ಮಧ್ಯಾಹ್ನ ಗಾಳಿ ಎದ್ದು ಚಿನ್ನ ತೆಗೆದ ಮಣ್ಣು ಸುರಿದ ಸೈನೈಡ್ ದಿಬ್ಬದ ಪುಡಿ ಬರುವ ಮೊದಲೇ ಬಟ್ಟೆ ಒಳಗೆ, ಕಿಟಕಿ ಬಂದ್. ಒಂದು ಕೆಲಸವೂ ತಪ್ಪಲಿಲ್ಲ. ಹೊತ್ತು ಹೊತ್ತಿಗೆ ಗಂಟೆ, ಹೊತ್ತು ಹೊತ್ತಿಗೆ ಸ್ಟೂಲು.

ಒಂದು ಮಧ್ಯಾಹ್ನ ಗಂಟೆ ಬಾರಿಸಿತು. ಒಂದಲ್ಲ, ಎರಡಲ್ಲ, ಮೂರಲ್ಲ. ಸುಮ್ಮನೆ ಗಲಗಲ ಅಂತ, ಮಕ್ಕಳು ಆಡಿಸಿದ ಹಾಗೆ. ಬೇಳೆ ತೊಳೆಯುತ್ತಿದ್ದವನು ಒದ್ದೆ ಕೈಯಲ್ಲೇ ಓಡಿದೆ.

“ಏನಮ್ಮಾ? ಏನಾಯ್ತು?”

ಪರದೆಯ ಒಳಗಿನಿಂದ, “ಏನಿಲ್ಲಪ್ಪ.”

“ನೀರಾ?”

“ಬ್ಯಾಡ.”

“ಮತ್ಯಾಕೆ ಒಡ್ದೆ?”

“ಸುಮ್ನೆ.”

ನನಗೆ ಸರಿಬರಲಿಲ್ಲ. “ಗಂಟೆ ಸುಮ್ನೆ ಒಡೆಯೋ ವಸ್ತು ಅಲ್ಲ ಕಣಮ್ಮ. ಸುಮ್ನೆ ಒಡೆದ್ರೆ ನಿಜವಾಗ್ಲೂ ಬೇಕಾದಾಗ ಗೊತ್ತಾಗಲ್ಲ,” ಅಂದೆ. ಕೋಪದಿಂದ ಅಲ್ಲ, ಎಂಜಿನ್ ಮನೆಗೆ ಬಂದ ಹೊಸಬರಿಗೆ ಹೇಳಿಕೊಡುವ ದನಿಯಲ್ಲೇ ಹೇಳಿದೆ. ಬೇಳೆ ತೊಳೆಯಲು ಹೋದೆ. ಅಂದಿನಿಂದ ಗಂಟೆ ಬೇಕಾದಷ್ಟೇ, ಸರಿಯಾಗಿ ಬಾರಿಸಿತು. ಕೆಲವು ದಿನ ಬಾರಿಸಲೂ ಇಲ್ಲ. ನಾನು ಹೊತ್ತು ನೋಡಿಕೊಂಡು ಇಟ್ಟುಬಂದದ್ದೇ ಸಾಕಾಗುತ್ತಿತ್ತು. ಎಲ್ಲ ಸರಿಯಾಗಿದೆ ಅಂದುಕೊಂಡೆ.

ಎರಡು ತಿಂಗಳು ಕಳೆದಿರಬೇಕು. ಒಂದು ಸಂಜೆ ಸೊಪ್ಪು ಬಿಡಿಸುತ್ತ ಹಿತ್ತಿಲಲ್ಲಿ ಕೂತಿದ್ದೆ. ಮುಚ್ಚಿದ ಕಿಟಕಿಯ ಒಳಗಿನಿಂದ ಮಗಳು ಫೋನಿನಲ್ಲಿ ಮಾತಾಡುವುದು ಕೇಳಿಸಿತು. ಎದ್ದು ಹೋಗಬೇಕಾಗಿತ್ತು. ಹೋಗಲಿಲ್ಲ.

“ಇಲ್ಲಿ ಎಲ್ಲಾ ಐತತ್ತೆ. ಅಪ್ಪ ಒಂದೂ ಕಮ್ಮಿ ಮಾಡಿಲ್ಲ... ಇಲ್ಲ, ಬೈಯ್ಯಲ್ಲ, ಯಾಕೆ ಬೈತಾನೆ... ಒಂದು ಮಾತು ಇಲ್ಲ ಅತ್ತೆ. ಎದುರುಮನೆ ಅತ್ತೆ ನೀರು ಉಯ್ದು ಓದ್ರೆ ಮುಗೀತು. ಬೆನ್ನು ಬ್ಯಾರೆ ನೋಯ್ತದೆ, ಯಾವ ದಿಂಬು ಇಟ್ರೂ ನಿಲ್ಲಲ್ಲ. ಮಗು ಮಕ ನೋಡ್ಕೊಂಡು ಎಷ್ಟೊತ್ತು ಅಂತ ಇರ್ಲಿ... ಆಸ್ಪತ್ರೆ ವಾರ್ಡೇ ವಾಸಿ ಆಗಿತ್ತು.” ಅವಳು ಅಳುತ್ತಿದ್ದಳು. ಆಮೇಲೆ, “ಊಂ. ಸೋಮಾರ ಬಾ,” ಅಂದಳು.

ಸೊಪ್ಪು ಬಿಡಿಸಿ ಮುಗಿಸಿದೆ. ತೊಳೆದೆ. ಬೇಯಲು ಇಟ್ಟೆ. ಕೈಗಳು ಅವುಗಳ ಕೆಲಸ ಮಾಡಿಕೊಂಡವು. ನನ್ನ ತಲೆಯಲ್ಲಿ ಒಂದೇ ಮಾತು: ಸೋಮವಾರ ಗಾಡಿ ಬರುತ್ತದೆ. ಬೇಡ ಅನ್ನುವ ಹಾಗಿಲ್ಲ.

ಮಾರನೆಯ ಬೆಳಿಗ್ಗೆ ನೀರು ಹುಯ್ದು ಹೊರಗೆ ಬಂದ ಎದುರುಮನೆಯಾಕೆಯನ್ನು ತಡೆದು ಕೇಳಿದೆ: “ನಾನು ಏನು ಬುಟ್ಟಿದೀನಿ ಏಳಮ್ಮ. ಯಾವ ಸಾಮಾನು ತರ್ಲಿಲ್ಲ?”

ಅವಳು ಸೊಂಟದ ಮೇಲೆ ಕೈಯಿಟ್ಟಳು. “ಸಾಮಾನಾ? ಅಣ್ಣಾ, ನೀ ಅವ್ಳ ಜೊತೆ ಮಾತಾಡ್ತೀಯಾ?”

“ಗಂಟೆ ಒಡೆದಾಗೆಲ್ಲ ಓಗ್ತೀನಲ್ಲ.”

“ಅದು ಓಗೋದು. ನಾ ಕೇಳಿದ್ದು ಮಾತು.” ನನ್ನ ಮುಖ ನೋಡಿ ದನಿ ಇಳಿಸಿದಳು. “ನಿನ್ನ ಎಂಡ್ತಿ ನಂಗೆ ಏಳ್ತಿದ್ಲು, ನಮ್ಮೋರು ಮನೇಲೂ ಎಂಜಿನ್ ಮೇಲೆ ಕುಂತಂಗೇ ಇರ್ತಾರೆ ಅಕ್ಕಾ, ಅಂತ. ಪೋಪ್ಪಾ, ಓಗು. ಹುಡುಗಿ ಎದ್ದಿದಾಳೆ.”

ಪರದೆಯ ಮುಂದೆ ಹೋಗಿ ನಿಂತೆ. ಕೈಯಲ್ಲಿ ತಟ್ಟೆಯಿಲ್ಲ, ಚೊಂಬಿಲ್ಲ. ಬರಿಗೈಯಲ್ಲಿ ಆ ಬಾಗಿಲಿಗೆ ಅದೇ ಮೊದಲು. ಒಳಗಿನಿಂದ ಅವಳೇ ಕೇಳಿದಳು: “ಅಪ್ಪಾ? ಅಲ್ಲೇನು ಮಾಡ್ತಿದ್ದೀಯಾ? ಪರದೆ ಕೆಳಗೆ ಕಾಲು ಕಾಣ್ತದೆ.”

“ಏನಿಲ್ಲ. ಬೆನ್ನು ಎಂಗೈತೆ?”

“ನೋಯ್ತದೆ. ಎಲ್ಲಾ ದಿಂಬೂ ಇಟ್ಟು ನೋಡ್ದೆ. ಜಾರ್ತವೆ. ಗೋಡೆಗೆ ಒರಗಿದ್ರೆ ತಣ್ಣಗೆ ಕೊರೀತದೆ,” ಅಂದಳು. ಮತ್ತೆ, “ಅಪ್ಪಾ, ನಾನು ಉಟ್ದಾಗ ಅಮ್ಮ ಏನ್ ಮಾಡ್ತಿದ್ಲು? ಅವ್ಳಿಗೂ ಹಿಂಗೇ ಬೆನ್ನು ನೋಯ್ತಿತ್ತಾ?”

ಗೊತ್ತಿಲ್ಲ ಅನ್ನಬೇಕೆಂದಿದ್ದೆ. ನಾನು ಶಿಫ್ಟಿನ ಮೇಲೆ ಇರುತ್ತಿದ್ದೆ. ನನ್ನ ಅತ್ತೆ ಬಂದಿದ್ದರು, ಅವರೇ ಎಲ್ಲ ನೋಡಿಕೊಂಡದ್ದು. ಆದರೆ ಬಾಯಿ ತೆರೆಯುವಷ್ಟರಲ್ಲಿ ನೆನಪಾಯಿತು. ಅಷ್ಟು ವರ್ಷ ಅದು ಎಲ್ಲಿತ್ತೋ. ಮೊದಲ ಶಿಫ್ಟು ಮುಗಿಸಿ ಮಧ್ಯಾಹ್ನ ಮನೆಗೆ ಬಂದರೆ ಅತ್ತೆ ಕೊಳಾಯಿಗೆ ಹೋಗಿರುವ ಹೊತ್ತು ನೋಡಿಕೊಂಡು ಹೆಂಡತಿ ಮೆಲ್ಲಗೆ ಕರೆಯುವಳು. “ಬಾ. ಅತ್ಲಾಗೆ ತಿರುಗಿ ಕುಂತ್ಕೋ.” ನಾನು ಎಣ್ಣೆ ವಾಸನೆಯ ಬಟ್ಟೆಯಲ್ಲೇ ಮಂಚದ ಅಂಚಿನಲ್ಲಿ ಕಿಟಕಿಗೆ ಮುಖ ಮಾಡಿ ಕೂರುವೆ. ಅವಳು ಮಗುವಿಗೆ ಹಾಲು ಕೊಡುತ್ತ ತನ್ನ ಬೆನ್ನನ್ನು ನನ್ನ ಬೆನ್ನಿಗೆ ಒರಗಿಸುವಳು. ತಟ್ಟೆ ತೊಡೆಯ ಮೇಲೆ ಇಟ್ಟುಕೊಂಡು ಹಾಗೇ ಊಟ ಮಾಡುತ್ತಿದ್ದೆ. ಬೇಗ ಎದ್ದರೆ, “ಇರು, ಇನ್ನೊಂದು ಕಡೆ ಕುಡೀತಾಳೆ,” ಅನ್ನುವಳು.

ಇಷ್ಟನ್ನೂ ಮಗಳಿಗೆ ಪರದೆಯ ಹೊರಗಿನಿಂದಲೇ ಹೇಳಿದೆ. ಅಷ್ಟು ಉದ್ದದ ಮಾತು ನಾನು ಆಡಿ ಎಷ್ಟು ಕಾಲವಾಗಿತ್ತೋ.

“ನಾನು ಅತ್ಲಾಗೆ ತಿರುಗಿ ಕುಂತ್ಕೋಲಾ?” ಅಂತ ಕೇಳಿದೆ.

ದಿಂಬುಗಳನ್ನು ಸರಿಸುವ ಸದ್ದು ಆಯಿತು. “ಬಾ,” ಅಂದಳು.

ನೆಲ ನೋಡುತ್ತ ಒಳಗೆ ಹೋಗಿ ಮಂಚದ ಅಂಚಿನಲ್ಲಿ ಗೋಡೆಗೆ ಮುಖ ಮಾಡಿ ಕೂತೆ. ಎಂಜಿನ್ನಿನ ಮೇಲೆ ಕೂತ ಹಾಗೆ ನೆಟ್ಟಗೆ, ಎರಡೂ ಕೈ ಮೊಣಕಾಲ ಮೇಲೆ. ಮೊದಲು ಅವಳ ಹೆಗಲು ತಾಗಿತು. ಆಮೇಲೆ ಬೆನ್ನು ಪೂರ್ತಿ. ಭಾರ ಮೆಲ್ಲಗೆ, ನಂಬಿ ನಂಬಿ ಬಂತು. ಎಣ್ಣೆ, ಸಾಂಬ್ರಾಣಿ, ಹಾಲಿನ ವಾಸನೆ. ಮಗು ಗುಟುಕು ಗುಟುಕಾಗಿ ಕುಡಿಯುವುದು ಕೇಳಿಸುತ್ತಿತ್ತು.

“ಸ್ವಲ್ಪ ಬಗ್ಗಪ್ಪಾ, ಕಂಬದಂಗೆ ಕುಂತಿದ್ದೀಯಾ,” ಅಂದಳು. ಬಗ್ಗಿದೆ. “ಆಂ, ಅಷ್ಟೇ.” ಅವಳ ಉಸಿರು ಸಡಿಲವಾದದ್ದು ನನ್ನ ಬೆನ್ನಿಗೆ ತಿಳಿಯಿತು.

ಮುಖ ನೋಡದೆ ಕೂತರೆ ಮಾತು ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಅವಳೇ ಶುರು ಮಾಡಿದಳು. ಕೂದಲು ಉದುರುತ್ತಿದೆ. ಮಗು ಬಹಳ ಹೊತ್ತು ಮಲಗಿದರೆ ಭಯವಾಗಿ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತಾಳೆ. ಗಂಡ ಭಾನುವಾರ ಬಂದರೆ ಮಗುವನ್ನು ಎತ್ತಿಕೊಂಡ ಕೂಡಲೇ ತಾನೇ ನಿದ್ದೆ ಹೋಗುತ್ತಾನೆ, ಪಾಪ, ವಾರವೆಲ್ಲ ಕಾರ್ಖಾನೆ. ಅಮ್ಮ ಇದ್ದಿದ್ದರೆ ಏನೇನು ಕೇಳುತ್ತಿದ್ದಳು ಅಂತ ದಿನವೂ ಅಂದುಕೊಳ್ಳುತ್ತಾಳೆ. ಇಷ್ಟೆಲ್ಲ ಎರಡು ತಿಂಗಳಿಂದ ಪರದೆಯ ಈಚೆ ಇತ್ತು, ನಾನು ಆಚೆ ಸಾರು ಕುದಿಸುತ್ತಿದ್ದೆ.

“ಅಪ್ಪಾ, ಅಷ್ಟೊತ್ತು ಎಂಜಿನ್ ಮನೇಲಿ ಒಬ್ನೇ ಕುಂತು ಏನ್ ಯೋಚ್ನೆ ಮಾಡ್ತಿದ್ದೆ?”

“ಏನೂ ಇಲ್ಲ. ಹಗ್ಗ ನೋಡ್ತಿದ್ದೆ.”

“ಬರೀ ಹಗ್ಗನಾ?”

“ಹಗ್ಗದ ತುದೀಲಿ ಜನ ಇರ್ತಿದ್ರಲ್ಲಮ್ಮ.”

ಅವಳು ನಕ್ಕಳು. ನಗು ಕಿವಿಗಿಂತ ಮೊದಲು ಬೆನ್ನಿಗೆ ಬಂತು. ಅಡಿಗೆಮನೆಯಲ್ಲಿ ಸಾರು ಉಕ್ಕಿ ಒಲೆ ಆರಿಹೋಗುವ ಚುಂಯ್ ಸದ್ದು ಕೇಳಿಸಿತು. ಏಳಲು ಹೊರಟೆ. “ಇರಪ್ಪಾ, ಇನ್ನೊಂದು ಕಡೆ ಕುಡೀತಾಳೆ,” ಅಂದಳು. ಓಡಿಹೋಗಿ ಗ್ಯಾಸ್ ಸ್ಟವ್ ಆರಿಸಿ ಬಂದು ಮತ್ತೆ ಕೂತೆ. ಆ ದಿನ ಊಟ ತಡವಾಯಿತು.

ಆಮೇಲೆ ದಿನವೂ ಹಾಗೆಯೇ ಕೂತೆ. ಸೋಮವಾರದ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆದರೂ ಭಾನುವಾರ ಅವಳ ಬಟ್ಟೆಗಳನ್ನೆಲ್ಲ ಒಗೆದು ಒಣಗಿಸಿ ಮಡಿಸಿಟ್ಟೆ. ಹೋಗುವವಳ ಬಟ್ಟೆ ಒದ್ದೆ ಇರಬಾರದು.

ಸೋಮವಾರ ಗಾಡಿ ಬಂತು. ಬಾಗಿಲು ತೆರೆದೇ ಇತ್ತು. ನಾನು ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದೆ, ಮಗಳು ಹಿಂದೆ ಒರಗಿದ್ದಳು, ಮಗು ಕುಡಿಯುತ್ತಿತ್ತು. ಬೀಗಿತ್ತಿ ಪರದೆ ಸರಿಸಿ ನಿಂತರು. ನಾನು ತಿರುಗುವ ಹಾಗಿರಲಿಲ್ಲ. ಅವರ ಬಳೆಯ ಸದ್ದಷ್ಟೇ ಕೇಳಿಸಿತು.

“ಇದೇನಮ್ಮಾ ಇದು?” ಅಂದರು ಕೊನೆಗೆ.

“ಬೆನ್ನು ನೋಯ್ತದೆ ಅಂದೆನಲ್ಲತ್ತೆ,” ಅಂದಳು ಮಗಳು. “ಈಗ ವಾಸಿ.”

“ಅಂಗಾದ್ರೆ ನೀನು ಬರಲ್ವಾ?”

ನನ್ನ ಎದುರಿನ ಗೋಡೆಯಲ್ಲಿ ಸುಣ್ಣ ಎದ್ದುಹೋಗಿ ಒಂದು ಕಡೆ ಮಣ್ಣು ಕಾಣುತ್ತಿತ್ತು. ಅದನ್ನೇ ನೋಡುತ್ತಿದ್ದೆ. ಬೆನ್ನ ಮೇಲಿನ ಭಾರ ಸ್ವಲ್ಪವೂ ಅಲುಗಲಿಲ್ಲ.

“ಐದು ತುಂಬ್ಲಿ ಅತ್ತೆ. ಆಮೇಲೆ ಬತ್ತೀನಿ.”

ಬೀಗಿತ್ತಿ ನೆಲದ ಮೇಲೆ ಕೂತರು. “ಅಲ್ಲಣ್ಣಾ, ಕಕ್ಕಸಿಗೆ ಕುರ್ಚಿ ತಂದ್ರಿ, ಬಚ್ಚಲಿಗೆ ಸ್ಟೂಲು ತಂದ್ರಿ, ಬಂಗಾರಪೇಟೆ ಬಜಾರೆಲ್ಲ ಹೊತ್ಕೊಂಡು ಬಂದ್ರಿ. ನಿಮ್ಮ ಬೆನ್ನೊಂದು ಈ ಕೋಣೆಗೆ ತರಾಕೆ ಇಷ್ಟು ದಿನ ಬೇಕಾಯ್ತಾ?” ಅಂದರು. ಅವರು ಊಟ ಮಾಡಿ, ಮೊಮ್ಮಗಳ ಕೆನ್ನೆ ನೋಡಿ, ನನ್ನ ಸಾರಿಗೆ ಉಪ್ಪು ಸಾಲದು ಅಂತ ಹೇಳಿ, ಅದೇ ಗಾಡಿಯಲ್ಲಿ ಒಬ್ಬರೇ ಹೋದರು.

ಉಳಿದ ದಿನಗಳಲ್ಲಿ ನನ್ನ ಕ್ರಮ ಕೆಟ್ಟಿತು. ಬಟ್ಟೆ ಕೆಲವು ಸಲ ದಿಬ್ಬದ ಪುಡಿಗೆ ಸಿಕ್ಕಿತು, ಮತ್ತೆ ಒಗೆದೆ. ಗಂಟೆ ಎಷ್ಟೋ ಸಲ ಲೆಕ್ಕವಿಲ್ಲದೆ ಗಲಗಲ ಅನ್ನುತ್ತಿತ್ತು. ಏನು ಅಂತ ಕೇಳದೆ ಹೋಗಿ ಗೋಡೆಗೆ ಮುಖ ಮಾಡಿ ಕೂರುತ್ತಿದ್ದೆ.

ಐದು ತುಂಬಿತು. ಅಳಿಯನೇ ಬಂದಿದ್ದ. ದಿಂಬುಗಳನ್ನೆಲ್ಲ ಗಾಡಿಯಲ್ಲಿ ಇಡಲು ಹೋದರೆ ಮಗಳು, “ಅಲ್ಲಿ ಅತ್ತೆ ಅವ್ರೆ, ನಾದಿನಿ ಅವ್ಳೆ, ಜನ ಬೇಕಾದಷ್ಟು. ಇವೆಲ್ಲ ಇಲ್ಲೇ ಇರ್ಲಿ. ಎದುರುಮನೆ ಮೊಮ್ಮಗಳು ಬಸ್ರಿ, ಈಗ ಏಳು ತಿಂಗ್ಳಂತೆ, ಕೊಡು,” ಅಂದಳು. ಗಾಡಿ ಹತ್ತುವಾಗ ನನ್ನ ಕಾಲು ಮುಟ್ಟಿ ಎದ್ದವಳು ಮಗುವಿನ ಟೋಪಿ ಸರಿ ಮಾಡಿದಳು. ನಾನೂ ಮಗುವಿನ ಟೋಪಿಯನ್ನೇ ನೋಡಿದೆ. ಮುಖ ಮುಖ ನೋಡಿ ಮಾತಾಡುವುದು ಈಗಲೂ ನಮಗೆ ಬಾರದು.

ಕುರ್ಚಿ, ಸ್ಟೂಲು, ಚೊಂಬು, ಬಿಸಿನೀರಿನ ಚೀಲ ಎದುರುಮನೆಗೆ ಹೋದವು. ದಿಂಬಿನ ಗವಸು ಬಿಚ್ಚಿ ಒಗೆದು, ಹತ್ತಿಯನ್ನು ಬಿಸಿಲಿಗೆ ಹಾಕಿ, ಮತ್ತೆ ಹೊಲಿದು ಅವನ್ನೂ ಕೊಟ್ಟೆ. ಮಂಚ ಮಾತ್ರ ಕೊಡಲಿಲ್ಲ. ಕಾಲು ಕೊಯ್ದ ಮಂಚ ಯಾರಿಗೂ ಬೇಡ ಅಂತ ಎದುರುಮನೆಯಾಕೆಗೆ ಹೇಳಿದೆ. ಅವಳು ನಂಬಿದ ಹಾಗೆ ಮಾಡಿದಳು.

ಈಗ ಮಧ್ಯಾಹ್ನದ ಊಟ ಅದರ ಮೇಲೆಯೇ. ತಟ್ಟೆ ತೊಡೆಯ ಮೇಲಿಟ್ಟುಕೊಂಡು, ಅಂಚಿನಲ್ಲಿ, ಗೋಡೆಗೆ ಮುಖ ಮಾಡಿ ಕೂರುತ್ತೇನೆ. ಹೆಚ್ಚಾಗಿ ಆ ಹೊತ್ತಿಗೇ ಮಗಳ ಫೋನು ಬರುತ್ತದೆ. ಮಗು ಮಗುಚಿಕೊಂಡಿತು, ಹಲ್ಲು ಬಂತು, ಹಸು ಕರು ಹಾಕಿತು. ಫೋನನ್ನು ಪಕ್ಕದಲ್ಲಿ ಇಟ್ಟು ದೊಡ್ಡ ದನಿ ಮಾಡಿಕೊಂಡು ಕೇಳುತ್ತೇನೆ, ನನಗೆ ತೋಚಿದ್ದು ಹೇಳುತ್ತೇನೆ. ಅವಳು ಇಟ್ಟ ಮೇಲೆ ಸ್ವಲ್ಪ ಹೊತ್ತು ಹಾಗೇ ಕೂತಿರುತ್ತೇನೆ, ಸ್ವಲ್ಪ ಮುಂದಕ್ಕೆ ಬಗ್ಗಿ. ತಟ್ಟೆ ಒಣಗುತ್ತದೆ. ಹಿಂದೆ ಯಾರೂ ಒರಗಿಲ್ಲ ಅನ್ನುವುದು ಬೆನ್ನಿಗೆ ಇನ್ನೂ ಅಭ್ಯಾಸವಾಗಿಲ್ಲ.